ಮಿಕ್ಸಿಯೋ ಗ್ರೈಂಡರೋ? ಮೊದಲು ಬೋರಲು ಹಾಕಿ ನೋಡಿ

ಮೂರು ವರ್ಷದ ಹಿಂದಿನ ಯುಗಾದಿ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಬೇಳೆ ಬೆಂದು, ಬೆಲ್ಲ ಸೇರಿ, ಹೂರಣ ಆರಲು ಇಟ್ಟಾಗಿತ್ತು. ರುಬ್ಬುವುದೊಂದೇ ಬಾಕಿ. ನಮ್ಮ ಹೊಸ ಮಿಕ್ಸಿ ಗಾಜಿನ ಮೇಲೆ ಬೆರಳಿಟ್ಟರೆ ಓಡುವಂಥದ್ದು. ಆವತ್ತು ಎರಡು ಸಲ ದೀಪ ಮಿನುಗಿಸಿ ಸುಮ್ಮನಾಯಿತು. ಸರಿ, ಅಟ್ಟದ ಮೇಲಿಂದ ಅತ್ತೆಯ ಕಾಲದ ಹಳೇ ಮಿಕ್ಸಿ ಇಳಿಸಿದೆವು. ಅದೂ ಎರಡನೇ ಸಲ ಹೂರಣ ತುಂಬಿದಾಗ ಟಪ್ ಅಂತ ಸದ್ದು ಮಾಡಿತು. ಮೋಟರ್ ಓಡುತ್ತಿದೆ, ಬ್ಲೇಡ್ ನಿಂತಿದೆ. ಮೋಟರನ್ನೂ ಬ್ಲೇಡನ್ನೂ ಜೋಡಿಸುವ ಪುಟ್ಟ ತುಂಡು, ಅಂದರೆ ಕಪ್ಲರ್, ಮುರಿದಿತ್ತು. ಅತ್ತೆ ಏನೂ ಮಾತಾಡದೆ ಚಮಚದ ಡ್ರಾಯರಿನ ಮೂಲೆಯಿಂದ ಹೊಸ ಕಪ್ಲರ್ ತೆಗೆದು ಕೊಟ್ಟರು. ಐದು ನಿಮಿಷದಲ್ಲಿ ಹೂರಣ ಮತ್ತೆ ತಿರುಗತೊಡಗಿತು.

ಆ ಕಪ್ಲರಿಗೆ ಅತ್ತೆ ಕೊಟ್ಟಿದ್ದು 40 ರೂಪಾಯಿ. ಹೊಸ ಮಿಕ್ಸಿಯ ವಾರಂಟಿ ಮುಗಿದು ಹದಿನೈದು ದಿನವಾಗಿತ್ತು. ಅದರ ಎಲೆಕ್ಟ್ರಾನಿಕ್ ಬೋರ್ಡಿಗೆ ಸರ್ವಿಸ್ ಸೆಂಟರಿನವರು ಹೇಳಿದ್ದು 2,100 ರೂಪಾಯಿ, ಜೊತೆಗೆ ಮೂರು ವಾರ ಕಾಯಬೇಕು.

ಕೆಟ್ಟಿದ್ದು ಎರಡೂ ಮಿಕ್ಸಿ. ಆದರೆ ಹಳೆಯದನ್ನು ಮಾಡಿದವರು ಇದು ಒಂದು ದಿನ ಕೆಟ್ಟೇ ಕೆಡುತ್ತದೆ ಎಂದು ಮೊದಲೇ ಒಪ್ಪಿಕೊಂಡು, ಕೆಡುವ ಜಾಗವನ್ನು ತಾವೇ ಆರಿಸಿಟ್ಟಿದ್ದರು. ಅಲ್ಲಿಂದಾಚೆಗೆ ಯಾರಾದರೂ "ಮಿಕ್ಸಿ ಸಾಕಾ, ಗ್ರೈಂಡರ್ ಬೇಕಾ, ಟೇಬಲ್ ಟಾಪಾ, ಟಿಲ್ಟಿಂಗಾ" ಎಂದು ಕೇಳಿದರೆ ನಾನು ಶುರು ಮಾಡುವುದು ಅಲ್ಲಿಂದಲೇ. (ಟೇಬಲ್ ಟಾಪ್ ಎಂದರೆ ಕಟ್ಟೆಯ ಮೇಲಿಡುವ ಚಿಕ್ಕ ಗ್ರೈಂಡರ್. ಟಿಲ್ಟಿಂಗ್ ಎಂದರೆ ನೆಲದ ಮೇಲೆ ನಿಲ್ಲುವ, ಹಿಟ್ಟು ಸುರಿಯಲು ಬಾಗಿಸಬಹುದಾದ ದೊಡ್ಡದು.) ನೆಂಟರು, ಹೊಸದಾಗಿ ಮನೆ ಮಾಡಿದ ಹುಡುಗರು, ಪಕ್ಕದ ಬೀದಿಯಲ್ಲಿ ದೋಸೆ ಹಿಟ್ಟು ಮಾರಲು ಹೊರಟಿರುವವರು, ಹೀಗೆ ಕೇಳುವವರಿಗೆ ಕಡಿಮೆಯಿಲ್ಲ. ಅವರಿಗೆಲ್ಲ ಬಿಡಿ ಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಯಾವುದರಿಂದ ಅಳೆಯುವುದು

ಅಂಗಡಿಯಲ್ಲಿ ನಮಗೆ ತೋರಿಸುವುದು ವ್ಯಾಟ್, ಜಾರುಗಳ ಲೆಕ್ಕ, ಬಣ್ಣ. ನೀವು ನೋಡಬೇಕಾದ್ದು ಬೇರೆ.

ಮೊದಲನೆಯದು, ಇದರಲ್ಲಿ ಮೊದಲು ಸಾಯುವ ಭಾಗ ಯಾವುದು? ಅದಕ್ಕೆ ಎಷ್ಟು ದುಡ್ಡು? ತಿರುಗುವ ಯಂತ್ರ ಎಂದ ಮೇಲೆ ಏನೋ ಒಂದು ಸವೆಯಲೇಬೇಕು. ಒಳ್ಳೆ ಯಂತ್ರದಲ್ಲಿ ಸವೆಯುವುದು ಅಗ್ಗದ ಭಾಗ, ಕೈಗೆಟುಕುವ ಜಾಗದಲ್ಲಿರುತ್ತದೆ. ಎರಡನೆಯದು, ಬಿಚ್ಚುವುದು ಹೇಗೆ? ಸಾಮಾನ್ಯ ಸ್ಟಾರ್ ಸ್ಕ್ರೂ ಡ್ರೈವರಿನಿಂದ ಆಗುತ್ತದೋ, ಅಂಟು ಹಾಕಿ ಮುಚ್ಚಿದ್ದಾರೋ? ಮೂರನೆಯದು, ಭಾಗ ಎಲ್ಲಿ ಸಿಗುತ್ತದೆ? ಊರಿನ ಎಲೆಕ್ಟ್ರಿಕಲ್ ಅಂಗಡಿಯಲ್ಲೋ, ಕಂಪನಿಯಿಂದ ಮಾತ್ರವೋ? ಕೊನೆಯದು, ನೀವು ರುಬ್ಬುವುದೇನು? ವಾರಕ್ಕೊಮ್ಮೆ ಉದ್ದು ರುಬ್ಬುವ ಮನೆಗೂ, ದಿನಾ ಮೀನು ಸಾರಿಗೆ ಮಸಾಲೆ ಅರೆಯುವ ಕರಾವಳಿಯ ಮನೆಗೂ, ತಿಂಗಳಿಗೊಮ್ಮೆ ಶೇಂಗಾ ಚಟ್ನಿಪುಡಿ ಮಾಡುವ ಧಾರವಾಡದ ಕಡೆಯ ಮನೆಗೂ ಒಂದೇ ಉತ್ತರ ಹೊಂದುವುದಿಲ್ಲ.

ಇದು ನನ್ನ ತಲೆಯಿಂದ ಬಂದ ಹೊಸ ಲೆಕ್ಕವೇನಲ್ಲ. ಫ್ರಾನ್ಸಿನಲ್ಲಿ 2021ರ ಜನವರಿಯಿಂದ ವಾಷಿಂಗ್ ಮಷೀನ್, ಲ್ಯಾಪ್‌ಟಾಪ್, ಮೊಬೈಲ್ ಮುಂತಾದ ಕೆಲವು ಸಾಮಾನುಗಳಿಗೆ ರಿಪೇರಿ ಎಷ್ಟು ಸುಲಭ ಎಂದು 10ಕ್ಕೆ ಅಂಕ ಕೊಟ್ಟು, ಆ ಚೀಟಿಯನ್ನು ಅಂಗಡಿಯಲ್ಲೇ ತೋರಿಸಬೇಕು ಎಂದು ಕಾನೂನು ಮಾಡಿದರು. ಬಿಚ್ಚುವುದು ಎಷ್ಟು ಸಲೀಸು, ಬಿಡಿಭಾಗ ಸಿಗುತ್ತದೆಯೇ, ಅದರ ಬೆಲೆ ಎಷ್ಟು, ರಿಪೇರಿಗೆ ಬೇಕಾದ ಮಾಹಿತಿ ಕೊಡುತ್ತಾರೆಯೇ ಎಂಬುದೆಲ್ಲ ಆ ಅಂಕದಲ್ಲಿ ಸೇರಿದೆ. ನಮ್ಮ ಮಿಕ್ಸಿಗೆ ಅಂಥ ಚೀಟಿ ಯಾರೂ ಅಂಟಿಸಿಲ್ಲ. ಅಂಕ ನಾವೇ ಹಾಕಿಕೊಳ್ಳಬೇಕು.

ಕರೆಂಟ್ ಬಿಲ್ಲಿನ ಚಿಂತೆ ಮಾತ್ರ ಬಿಟ್ಟುಬಿಡಿ. 750 ವ್ಯಾಟಿನ ಮಿಕ್ಸಿ 10 ನಿಮಿಷ ಓಡಿದರೆ ಒಂದು ಯೂನಿಟ್ಟಿನ ಎಂಟನೇ ಒಂದು ಭಾಗ. 150 ವ್ಯಾಟಿನ ಗ್ರೈಂಡರ್ ಅರ್ಧ ಗಂಟೆ ತಿರುಗಿದರೆ ಅದಕ್ಕಿಂತ ಕಡಿಮೆ. ಇದರಲ್ಲಿ ಉಳಿಸಿದ ದುಡ್ಡಿಗೆ ಒಂದು ಕಪ್ಲರೂ ಬರುವುದಿಲ್ಲ.

ಗುಂಡಿ ತಿರುಗಿಸುವ ಮಿಕ್ಸಿ

ಮಿಕ್ಸಿ ನಮ್ಮ ಮನೆಗಳಿಗೆ ಬಂದದ್ದರ ಹಿಂದೆಯೇ ಒಂದು ರಿಪೇರಿಯ ಕತೆ ಇದೆ. 1960ರ ದಶಕದ ಆರಂಭ. ಮುಂಬೈಯಲ್ಲಿ ಎಸ್.ಪಿ. ಮಾಥುರ್ ಎಂಬ ಎಂಜಿನಿಯರ್ ಮನೆಯಲ್ಲಿದ್ದ ಜರ್ಮನಿಯ ಮಿಕ್ಸರ್ ಕೆಟ್ಟುಹೋಯಿತು. ಅದನ್ನು ಇಲ್ಲಿ ಸರಿಮಾಡಿಸಲು ದಾರಿ ಇರಲಿಲ್ಲ. ನಮ್ಮ ಅಡುಗೆಯ ಗಟ್ಟಿ ಕೆಲಸಕ್ಕೆ ಅದನ್ನು ಮಾಡಿರಲೂ ಇಲ್ಲ. ಹೆಂಡತಿಯ ಒತ್ತಾಯಕ್ಕೆ ಅವರೇ ಒಂದನ್ನು ಮಾಡಲು ಕೂತರು. ಅದೇ ಮುಂದೆ ಸುಮೀತ್ ಆಯಿತು. ಎಷ್ಟೋ ಮನೆಗಳಲ್ಲಿ ಆ ಹೆಸರೇ ಮಿಕ್ಸಿಗೆ ಇನ್ನೊಂದು ಹೆಸರಾಗಿತ್ತು.

ಇವತ್ತಿಗೂ ಸಾದಾ ಮಿಕ್ಸಿಯ ಒಳಗೆ ಇರುವುದು ಬಹಳ ಕಡಿಮೆ. ಒಂದು ಮೋಟರ್, ಅದಕ್ಕೆ ಕರೆಂಟ್ ಮುಟ್ಟಿಸುವ ಎರಡು ಕಾರ್ಬನ್, ಒಂದು ಸ್ವಿಚ್, ಅಡಿಯಲ್ಲಿ ಹೊರೆ ಹೆಚ್ಚಾದರೆ ಕರೆಂಟ್ ಕಡಿಯುವ ಕೆಂಪು ಗುಂಡಿಯ ಓವರ್‌ಲೋಡ್, ತಲೆಯ ಮೇಲೆ ಕಪ್ಲರ್. ಅಷ್ಟೇ.

ಕಪ್ಲರ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಮೋಟರ್ ಕಬ್ಬಿಣದ್ದು, ಬ್ಲೇಡ್ ಉಕ್ಕಿನದು, ನಡುವೆ ಬೇಕಂತಲೇ ರಬ್ಬರಿನದೋ ನೈಲಾನಿನದೋ ಒಂದು ತುಂಡು. ಅರಿಶಿನ ಕೊಂಬು ಬ್ಲೇಡಿಗೆ ಸಿಕ್ಕಿಹಾಕಿಕೊಂಡರೆ ಮೊದಲು ಮುರಿಯುವುದು ಆ ತುಂಡು. ಮೋಟರ್ ಬದುಕುತ್ತದೆ. "ಕಪ್ಲರ್ ಪದೇ ಪದೇ ಹೋಗುತ್ತೆ, ಲೋಹದ್ದು ಹಾಕಿಕೊಡಿ" ಎಂದು ಕೆಲವರು ಮೆಕ್ಯಾನಿಕ್ಕಿಗೆ ದುಂಬಾಲು ಬೀಳುತ್ತಾರೆ. ಬೇಡ. ಮನೆಯ ಫ್ಯೂಸಿಗೆ ದಪ್ಪ ತಂತಿ ಸುತ್ತಿದ ಹಾಗೆ ಅದು. ಮುಂದಿನ ಸಲ ಹೋಗುವುದು ಮೋಟರೇ.

ಕಾರ್ಬನ್ ಸವೆದಾಗ ಒಳಗೆ ಕಿಡಿ ಜಾಸ್ತಿ ಕಾಣುತ್ತದೆ, ಸುಟ್ಟ ವಾಸನೆ ಬರುತ್ತದೆ, ಮಿಕ್ಸಿ ನಿಂತು ನಿಂತು ಓಡುತ್ತದೆ. ಹೊಸ ಜೋಡಿಗೆ ನೂರು ರೂಪಾಯಿಯ ಆಸುಪಾಸು. ಮಾಡಿದವರ ಬುದ್ಧಿ ಗೊತ್ತಾಗುವುದೇ ಇಲ್ಲಿ. ಕೆಲವು ಯಂತ್ರಗಳಲ್ಲಿ ಕಾರ್ಬನ್ ಹೊರಗಿನಿಂದಲೇ ತೆಗೆಯುವ ಹಾಗೆ ಪುಟ್ಟ ಮುಚ್ಚಳ ಇಟ್ಟಿರುತ್ತಾರೆ. ಗೋಡೆ ಕೊರೆಯುವ ಡ್ರಿಲ್ ಮಷೀನುಗಳಲ್ಲಿ ಇದು ಮಾಮೂಲಿ. ಮಿಕ್ಸಿಗಳಲ್ಲಿ ಹೆಚ್ಚಾಗಿ ಅಡಿ ತಟ್ಟೆ ಬಿಚ್ಚಬೇಕು. ಅದೂ ಪರವಾಗಿಲ್ಲ, ನಾಲ್ಕು ಸ್ಕ್ರೂ. ಆದರೆ ಸ್ಕ್ರೂ ತಲೆ ಮೂರು ಮೂಲೆಯದ್ದಾಗಿದ್ದರೆ, ಇಲ್ಲವೇ ನಡುವೆ ಮೊಳೆ ಇರುವ ನಕ್ಷತ್ರದಂತಿದ್ದರೆ, ನೀವು ಬಿಚ್ಚಬಾರದು ಎಂದು ಯಾರೋ ತೀರ್ಮಾನಿಸಿದ್ದಾರೆ ಎಂದರ್ಥ.

ನಿಜ ಹೇಳಬೇಕೆಂದರೆ ಮೋಟರಿಗಿಂತ ಮೊದಲು ತೊಂದರೆ ಕೊಡುವುದು ಜಾರು. ಜಾರಿನ ತಳದಲ್ಲಿ ಬ್ಲೇಡಿನ ಶಾಫ್ಟನ್ನು (ತಿರುಗುವ ಕಡ್ಡಿಯನ್ನು) ಹಿಡಿದಿಡುವ ಬುಷ್ ಸವೆಯುತ್ತದೆ, ಕಪ್ಪು ನೀರು ಸೋರುತ್ತದೆ, ಆ ನೀರು ಕಪ್ಲರ್ ದಾಟಿ ಮೋಟರಿನ ಬೇರಿಂಗಿಗೆ ಇಳಿಯುತ್ತದೆ. ಮೋಟರ್ ಸುಟ್ಟಿತು ಎನ್ನುವ ಎಷ್ಟೋ ದೂರುಗಳು ಶುರುವಾಗುವುದು ಇಲ್ಲಿಂದ. ಬ್ಲೇಡನ್ನು ನಟ್ ಬಿಚ್ಚಿ ತೆಗೆಯುವಂತಿದ್ದರೆ ಬುಷ್, ಶಾಫ್ಟ್, ವಾಷರ್ ಎಲ್ಲ ಬದಲಾಯಿಸಬಹುದು. ಒತ್ತಿ ಕೂರಿಸಿದ್ದರೆ ಜಾರನ್ನೇ ಎಸೆಯಬೇಕು. ಹಾಗಾಗಿ ಐದು ಜಾರಿನ ಮಿಕ್ಸಿಗಿಂತ ಬಿಚ್ಚಲು ಬರುವ ಮೂರು ಜಾರಿನ ಮಿಕ್ಸಿ ವಾಸಿ. ಆ ಐದರಲ್ಲಿ ಎರಡು ಹೇಗೂ ಅಟ್ಟ ಸೇರುತ್ತವೆ ಬಿಡಿ.

ಇನ್ನು ಮಿಕ್ಸಿಯ ಮಿತಿ. ಇದರ ಮೋಟರ್ ನಿಮಿಷಕ್ಕೆ 18 ಸಾವಿರ ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಚಟ್ನಿಗೆ, ಸಾರಿನ ಪುಡಿಗೆ, ನೀರುದೋಸೆಗೆ ಅದು ಚೆಂದ. ಉದ್ದಿಗೆ ಮಾತ್ರ ಅಷ್ಟು ವೇಗ ಒಗ್ಗುವುದಿಲ್ಲ, ಹಿಟ್ಟು ಬಿಸಿಯಾಗುತ್ತದೆ, ಉಬ್ಬುವುದು ಕಡಿಮೆ. ತಣ್ಣನೆ ನೀರು ಹಾಕಿ ಸ್ವಲ್ಪ ಸ್ವಲ್ಪವೇ ರುಬ್ಬಿ ಸಂಭಾಳಿಸಬಹುದು. ಮಿಕ್ಸಿಯ ಅಡಿಯ ಫಲಕ ಓದಿ ನೋಡಿ. ಹೆಚ್ಚಿನವುಗಳಲ್ಲಿ 30 ನಿಮಿಷ, ಅದರಲ್ಲಿ 5 ನಿಮಿಷ ಓಡಿಸಿ 2 ನಿಮಿಷ ನಿಲ್ಲಿಸಿ ಎಂದು ಬರೆದಿರುತ್ತದೆ. ಅಂದರೆ ಇದು ಓಟಗಾರ, ಹೊರೆ ಹೊರುವವನಲ್ಲ. ಬಿಡದೆ ಓಡಿಸಿದರೆ ಕೆಂಪು ಗುಂಡಿ ಹೊರಗೆ ಬಂದು ನಿಲ್ಲುತ್ತದೆ. ಹತ್ತು ನಿಮಿಷ ಆರಲು ಬಿಟ್ಟು ಆ ಗುಂಡಿ ಒತ್ತಿದರೆ ಮತ್ತೆ ಓಡುತ್ತದೆ. ಇಷ್ಟು ಗೊತ್ತಿಲ್ಲದೆ ಮಿಕ್ಸಿ ಹೊತ್ತುಕೊಂಡು ರಿಪೇರಿ ಅಂಗಡಿಗೆ ಹೋದವರಲ್ಲಿ ನಾನೂ ಒಬ್ಬಳು. ಅವರು ಗುಂಡಿ ಒತ್ತಿ ಕೊಟ್ಟು ನಕ್ಕರು, ದುಡ್ಡು ತೆಗೆದುಕೊಳ್ಳಲಿಲ್ಲ.

ಬೆರಳಿಟ್ಟರೆ ಓಡುವ ಮಿಕ್ಸಿ

ಸದ್ದು ಕಡಿಮೆ ಮಾಡುವ, ಹೊರೆ ನೋಡಿಕೊಂಡು ತಾನೇ ವೇಗ ಬದಲಿಸುವ, ಕಾರ್ಬನ್ನೇ ಇಲ್ಲದ ಬಿಎಲ್‌ಡಿಸಿ ಮೋಟರಿನ ಮಿಕ್ಸಿಗಳೂ ಈಗ ಬಂದಿವೆ. ಕಾರ್ಬನ್ ಇಲ್ಲ ಎಂದರೆ ಸವೆಯುವ ಒಂದು ಭಾಗ ಕಡಿಮೆಯಾಯಿತು. ಅದು ಲಾಭವೇ. ಆದರೆ ಆ ಮೋಟರ್ ಬೋರ್ಡ್ ಇಲ್ಲದೆ ಒಂದು ಸುತ್ತೂ ತಿರುಗುವುದಿಲ್ಲ. ಬೋರ್ಡಿಗೆ ಆಗದಿರುವುದು ಬಿಸಿ, ತೇವ, ವೋಲ್ಟೇಜಿನ ಏರಿಳಿತ. ಈ ಮೂರೂ ನಮ್ಮ ಅಡುಗೆ ಮನೆಯಲ್ಲಿ ಧಾರಾಳವಾಗಿ ಸಿಗುತ್ತವೆ. ಬೋರ್ಡಿನಲ್ಲಿ ಹೋಗಿರುವುದು ಹತ್ತು ರೂಪಾಯಿಯ ಒಂದು ಬಿಡಿಭಾಗ ಇರಬಹುದು. ಆದರೆ ತೇವ ತಾಗದಿರಲಿ ಎಂದು ಬೋರ್ಡಿನ ಮೇಲೆ ಅಂಟಿನಂಥ ರಾಳ ಸುರಿದಿದ್ದರೆ ಅದನ್ನು ಯಾರೂ ಮುಟ್ಟಲು ಆಗುವುದಿಲ್ಲ, ಪೂರ್ತಿ ಬೋರ್ಡೇ ಬದಲಾಗಬೇಕು. ಕಾಪಾಡಲು ಮಾಡಿದ್ದೇ ರಿಪೇರಿಗೆ ಅಡ್ಡ ಬರುತ್ತದೆ ನೋಡಿ.

ಇಂಥದ್ದು ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಮನೆಯಲ್ಲಿ ಪುಟ್ಟ ಮಗು ಮಲಗಿದ್ದರೆ ಸದ್ದು ಕಡಿಮೆ ಇರುವುದು ದೊಡ್ಡ ವಿಷಯ. ಊರಲ್ಲೇ ಆ ಕಂಪನಿಯ ಸರ್ವಿಸ್ ಸೆಂಟರ್ ಇದ್ದು, ಬೋರ್ಡಿಗೂ ಸೇರಿ ಐದು ವರ್ಷದ ವಾರಂಟಿ ಬರೆದು ಕೊಟ್ಟರೆ ತೆಗೆದುಕೊಳ್ಳಿ. "ಮೋಟರಿಗೆ ಐದು ವರ್ಷ" ಎಂಬ ಮಾತಿಗೆ ಮರುಳಾಗಬೇಡಿ. ನನ್ನದರಲ್ಲೂ ಮೋಟರ್ ಇನ್ನೂ ಚೆನ್ನಾಗಿಯೇ ಇದೆ.

ಟೇಬಲ್ ಟಾಪ್ ಗ್ರೈಂಡರ್

ಗ್ರೈಂಡರ್ ಎಂದರೆ ಕೊಯಮತ್ತೂರು. ಒರಳುಕಲ್ಲಿಗೆ ಮೋಟರ್ ಕಟ್ಟುವ ಕೆಲಸ ಅಲ್ಲಿ 1950ರ ದಶಕದಲ್ಲೇ ಶುರುವಾಯಿತು. ಕೊಯಮತ್ತೂರು ವೆಟ್ ಗ್ರೈಂಡರಿಗೆ ಮೈಸೂರು ರೇಷ್ಮೆಯ ಹಾಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ. ಮೋಟರ್, ಪಂಪು, ಎರಕದ ಕಾರ್ಖಾನೆಗಳ ಊರು ಅದು. ಹಾಗಾಗಿ ಬಿಡಿಭಾಗಗಳು ಅಲ್ಲಿಂದ ನಮ್ಮ ಕಡೆಗೆ ಧಾರಾಳವಾಗಿ ಬರುತ್ತವೆ. ರಿಪೇರಿಯ ದೃಷ್ಟಿಯಿಂದ ಇದು ಸಣ್ಣ ಮಾತಲ್ಲ.

ಟೇಬಲ್ ಟಾಪಿನ ಮೋಟರ್ ಮಿಕ್ಸಿಯದರ ಹಾಗಲ್ಲ. ಇದು ಫ್ಯಾನಿನಲ್ಲಿರುವಂಥ ಇಂಡಕ್ಷನ್ ಮೋಟರ್. ಕಾರ್ಬನ್ ಇಲ್ಲ, ಕಿಡಿ ಇಲ್ಲ, ನಿಧಾನ. ಅರ್ಧ ಗಂಟೆ ಬಿಡದೆ ತಿರುಗಿದರೂ ಬೇಸರವಿಲ್ಲ. ಕೆಡುವ ಭಾಗಗಳು ನಾಲ್ಕೇ. ಮೋಟರಿಗೆ ಶುರುವಿನ ತಳ್ಳು ಕೊಡುವ ಕೆಪಾಸಿಟರ್ ಸೋತರೆ ಸ್ವಿಚ್ ಹಾಕಿದಾಗ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಬೆಲ್ಟ್ ಸಡಿಲವಾದರೆ ಖಾಲಿ ಇದ್ದಾಗ ತಿರುಗಿ, ಉದ್ದು ಹಾಕಿದ ಕೂಡಲೇ ನಿಲ್ಲುತ್ತದೆ. ಕಲ್ಲಿನ ಒಳಗಿನ ಬುಷ್ ಸವೆದರೆ ಕಲ್ಲು ಓಲಾಡುತ್ತದೆ, ಹಿಟ್ಟು ನುಣ್ಣಗಾಗುವುದಿಲ್ಲ. ಕೊನೆಗೆ ಸ್ವಿಚ್. ನಾಲ್ಕೂ ಅಗ್ಗ, ಬದಲಾಯಿಸುವುದೂ ಸುಲಭ. ಮೋಟರ್ ಸುಟ್ಟರೂ ಊರಿನ ವೈಂಡಿಂಗ್ ಅಂಗಡಿಯವರು ಮತ್ತೆ ತಂತಿ ಸುತ್ತಿ ಕೊಡುತ್ತಾರೆ. ಮಿಕ್ಸಿಯ ಆರ್ಮೇಚರಿಗೆ (ಮೋಟರಿನ ತಿರುಗುವ ಭಾಗಕ್ಕೆ) ಹಾಗಲ್ಲ, ಸುತ್ತಿಸುವುದಕ್ಕಿಂತ ಹೊಸದು ಹಾಕುವುದೇ ಲಾಭ. ವೈಂಡಿಂಗ್ ತಾಮ್ರದ್ದೋ ಅಲ್ಯೂಮಿನಿಯಮ್ಮಿನದೋ ಕೇಳಿ. ಅಲ್ಯೂಮಿನಿಯಂ ತಂತಿಗೆ ಬೆಸುಗೆ ಸರಿಯಾಗಿ ಹಿಡಿಯುವುದಿಲ್ಲ, ಹಾಗಾಗಿ ವೈಂಡಿಂಗಿನವರು ಮುಖ ಸಿಂಡರಿಸುತ್ತಾರೆ.

ಟೇಬಲ್ ಟಾಪಿನಲ್ಲೇ ಎರಡು ಜಾತಿ. ಬೆಲ್ಟಿನದು, ಗೇರಿನದು. ಗೇರಿನದು ಚಿಕ್ಕದು, ನೋಡಲು ಅಂದ. ಬೆಲ್ಟ್ ಸಡಿಲವಾಗುವ ಗೋಳೂ ಇಲ್ಲ. ನಾನು ಬೆಲ್ಟಿನ ಪರ. ಮಿಕ್ಸಿಯ ಕಪ್ಲರ್ ಮಾಡುವ ಕೆಲಸವನ್ನು ಇಲ್ಲಿ ಬೆಲ್ಟ್ ಮಾಡುತ್ತದೆ. ಹಿಟ್ಟು ತೀರಾ ಗಟ್ಟಿಯಾದರೆ ಜಾರುತ್ತದೆ, ಮೋಟರಿಗೆ ಪೆಟ್ಟು ಬೀಳುವುದಿಲ್ಲ. ಗೇರು ಜಾರುವುದಿಲ್ಲ. ಅದು ಪ್ಲಾಸ್ಟಿಕ್ಕಿನದಾಗಿದ್ದರೆ ಹಲ್ಲು ಮುರಿದುಕೊಳ್ಳುತ್ತದೆ. ಆ ಹಲ್ಲಿನ ಗೇರು ಆ ಕಂಪನಿಯ ಆ ಮಾಡೆಲ್ಲಿಗೆ ಮಾತ್ರ.

ಎರಡು ಕಲ್ಲೋ ಮೂರು ಕಲ್ಲೋ ಎಂಬ ಪ್ರಶ್ನೆಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಕಲ್ಲುಗಳನ್ನು ಬಿಡಿಯಾಗಿ ಕೊಡುತ್ತೀರಾ ಎಂದಷ್ಟೇ ಕೇಳಿ.

ಇದರ ದೊಡ್ಡ ಶತ್ರು ನೀರು. ಪಾತ್ರೆ ತೊಳೆಯಲು ಎತ್ತುವಾಗ ಅಥವಾ ಹಿಟ್ಟು ಉಕ್ಕಿದಾಗ ನೀರು ನಡುವಿನ ಶಾಫ್ಟಿನ ಸುತ್ತ ಇಳಿದು ಬೆಲ್ಟಿಗೂ ಮೋಟರಿಗೂ ಸೇರುತ್ತದೆ. ಚೆನ್ನಾಗಿ ಮಾಡಿದ ಗ್ರೈಂಡರಿನಲ್ಲಿ ಶಾಫ್ಟಿನ ಸುತ್ತ ಎತ್ತರದ ಕಟ್ಟೆ ಇರುತ್ತದೆ, ಬಿದ್ದ ನೀರು ಹೊರಗೆ ಹರಿಯಲು ತೂತು ಇರುತ್ತದೆ. ಅಂಗಡಿಯಲ್ಲಿ ಪಾತ್ರೆ ಎತ್ತಿ ಕೆಳಗೆ ಇಣುಕಿ ನೋಡಿ. ಅರ್ಧ ನಿಮಿಷದ ಕೆಲಸ, ಯಾರೂ ಮಾಡುವುದಿಲ್ಲ.

ಹಳ್ಳಿಯಲ್ಲಿರುವವರಿಗೆ ಇನ್ನೊಂದು ಮಾತು. ಸಂಜೆ ಹೊತ್ತು ವೋಲ್ಟೇಜ್ ಬೀಳುತ್ತದೆ ಅಲ್ವಾ? ಇಂಡಕ್ಷನ್ ಮೋಟರಿನ ಬಲ ವೋಲ್ಟೇಜಿನ ವರ್ಗಕ್ಕೆ (ಸ್ಕ್ವೇರಿಗೆ) ತಕ್ಕಂತೆ ಇಳಿಯುತ್ತದೆ. 230 ಇರಬೇಕಾದಲ್ಲಿ 180 ಇದ್ದರೆ ಬಲ ಹೆಚ್ಚುಕಡಿಮೆ 60 ಪರ್ಸೆಂಟಿಗೆ ಬರುತ್ತದೆ. ತುಂಬಿದ ಗ್ರೈಂಡರ್ ಆಗ ಶುರುವಾಗದೆ ಗುಂಯ್ ಎನ್ನುತ್ತಾ ಕಾಯಿಲ್ ಸುಟ್ಟುಕೊಳ್ಳುತ್ತದೆ. ಖಾಲಿ ತಿರುಗಲು ಬಿಟ್ಟು, ಆಮೇಲೆ ಹಿಡಿ ಹಿಡಿಯಾಗಿ ಉದ್ದು ಹಾಕಿ. ನಡುವೆ ಕರೆಂಟ್ ಹೋದರೆ ಮೊದಲು ಸ್ವಿಚ್ ಆರಿಸಿ.

ಟಿಲ್ಟಿಂಗ್ ಗ್ರೈಂಡರ್

ರಿಪೇರಿಗೆ ಮಾತ್ರ ಅಂಕ ಕೊಡುವುದಾದರೆ ಇದಕ್ಕೇ ಮೊದಲ ಸ್ಥಾನ. ಇದರೊಳಗೆ ಮುಚ್ಚಿಟ್ಟದ್ದು ಏನೂ ಇಲ್ಲ. ಕಾಲು ಅಥವಾ ಅರ್ಧ ಎಚ್‌ಪಿ ಮೋಟರ್, ನಾಲ್ಕು ಬೋಲ್ಟಿನಿಂದ ಚೌಕಟ್ಟಿಗೆ ಬಿಗಿದಿರುತ್ತದೆ. ಪುಲ್ಲಿ, ವಿ ಬೆಲ್ಟ್, ಬೇರಿಂಗ್, ಕಲ್ಲು. ಬೆಲ್ಟಿನ ಮೇಲೆ ನಂಬರ್ ಇರುತ್ತದೆ, ಆ ನಂಬರ್ ಹೇಳಿದರೆ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯಲ್ಲೂ ಸಿಗುತ್ತದೆ. ಬೇರಿಂಗೂ ಹಾಗೇ. 6203 ಎಂದರೆ ಒಳಗಿನ ತೂತು 17 ಮಿಲಿಮೀಟರ್, ಹೊರಗಿನ ಅಳತೆ 40. ಅದನ್ನು ಯಾರೇ ಮಾಡಲಿ, ಯಾವ ದೇಶದಲ್ಲೇ ಮಾಡಲಿ, ಅಳತೆ ಅದೇ. ಕಂಪನಿ ಬಾಗಿಲು ಹಾಕಿದರೂ ಗ್ರೈಂಡರ್ ನಿಲ್ಲುವುದಿಲ್ಲ. ಕಲ್ಲು ನುಣುಪಾದರೆ ಒರಳಿಗೆ ಮಾಡಿಸಿದ ಹಾಗೆ ಉಳಿಯಿಂದ ಕುಟ್ಟಿಸಿದರಾಯಿತು. ಬೀದಿಯಲ್ಲಿ ಕೂಗಿಕೊಂಡು ಬರುವ ಕಲ್ಲು ಕುಟ್ಟುವವರು ಈಗ ಕಡಿಮೆಯಾಗಿದ್ದಾರೆ, ಸಿಕ್ಕಾಗ ಬಿಡಬೇಡಿ.

ಹಾಗಾದರೆ ಎಲ್ಲರೂ ಇದನ್ನೇ ಯಾಕೆ ತೆಗೆದುಕೊಳ್ಳಬಾರದು? ಭಾರ. ಒಮ್ಮೆ ಇಟ್ಟ ಜಾಗದಿಂದ ಅಲುಗಿಸುವುದು ಒಬ್ಬರಿಂದ ಆಗುವ ಕೆಲಸವಲ್ಲ. ಬೆಂಗಳೂರಿನ ಒಂದು ಕೋಣೆಯ ಮನೆಯಲ್ಲಿ ಅದಕ್ಕೆ ಜಾಗ ಕೊಟ್ಟರೆ ನೀವು ಹೊರಗೆ ಮಲಗಬೇಕು. ಸ್ವಲ್ಪ ಹಿಟ್ಟು ರುಬ್ಬಿದರೆ ಕಲ್ಲಿಗೆ ಅಂಟಿದ್ದೇ ಜಾಸ್ತಿ. ಮೈ ಲೋಹದ್ದು, ಕೆಲಸ ನೀರಿನದು. ಅರ್ತಿಂಗ್ ಸರಿಯಾಗಿರುವ ಮೂರು ಪಿನ್ನಿನ ಪ್ಲಗ್ ಇಲ್ಲದ ಮನೆಗೆ ಇದನ್ನು ತರಲೇಬೇಡಿ.

ಬರೀ ಕೈಯಲ್ಲಿ ತಿರುಗಿಸುವ ಒರಳುಕಲ್ಲನ್ನು ಈ ಪಟ್ಟಿಯಲ್ಲಿ ಸೇರಿಸಲೇ ಎಂದು ಯೋಚಿಸಿದೆ. ನಮ್ಮಜ್ಜಿಯದು ಹಿತ್ತಲಲ್ಲಿ ಇನ್ನೂ ಇದೆ, ಈವರೆಗೆ ಅದಕ್ಕೆ ಆದ ಖರ್ಚು ಕುಟ್ಟಿಸಿದ ಕೂಲಿ ಮಾತ್ರ. ಆದರೆ ಅದರ ರಿಪೇರಿಯೆಲ್ಲ ಅಜ್ಜಿಯ ಭುಜಕ್ಕೆ ಆಯಿತು. ಹಾಗಾಗಿ ಬಿಟ್ಟೆ.

ಯಾರಿಗೆ ಯಾವುದು

ಒಬ್ಬರೇ ಅಥವಾ ಇಬ್ಬರೇ ಇದ್ದು, ಹದಿನೈದು ದಿನಕ್ಕೊಮ್ಮೆ ದೋಸೆ ಮಾಡುವವರಾದರೆ ಗುಂಡಿಯ ಮಿಕ್ಸಿ ಒಂದೇ ಸಾಕು. 500 ವ್ಯಾಟ್ ಚಟ್ನಿಗೆ ಆಯಿತು. ಒಣ ಕೊಬ್ಬರಿ, ಅರಿಶಿನ, ಗಟ್ಟಿ ಮಸಾಲೆ ಇದ್ದರೆ 750. ಎರಡು ಮೂರು ಸಾವಿರದಲ್ಲಿ ಕೆಲಸ ಮುಗಿಯುತ್ತದೆ. ಅದಕ್ಕಿಂತ ಮೇಲೆ ಕೊಡುವ ದುಡ್ಡು ಹೆಚ್ಚಾಗಿ ಅಂದಕ್ಕೆ.

ನಾಲ್ಕೈದು ಜನರ ಮನೆ, ವಾರಕ್ಕೆ ಎರಡು ಸಲ ಇಡ್ಲಿ ದೋಸೆ ಎಂದಾದರೆ ದುಬಾರಿ ಮಿಕ್ಸಿ ಒಂದರ ಬದಲು ಸಾದಾ ಮಿಕ್ಸಿ ಮತ್ತು 2 ಲೀಟರಿನ ಬೆಲ್ಟಿನ ಟೇಬಲ್ ಟಾಪ್, ಎರಡನ್ನೂ ತೆಗೆದುಕೊಳ್ಳಿ. ಉದ್ದಿನ ಹೊರೆ ಇಳಿದರೆ ಮಿಕ್ಸಿಯ ಆಯಸ್ಸೂ ಹೆಚ್ಚುತ್ತದೆ. ಈಗ ದುಡ್ಡಿಲ್ಲವೆಂದರೆ ಮೊದಲು ಮಿಕ್ಸಿ, ಮುಂದಿನ ವರ್ಷ ಗ್ರೈಂಡರ್. ಎರಡೂ ಸೇರಿರುವ ಯಂತ್ರ, ಒಂದೇ ಮೋಟರಿಗೆ ಹಿಟ್ಟು ಕಲಸುವ ಬಟ್ಟಲು, ಕಾಯಿ ತುರಿಯುವ ಕತ್ತಿ ಎಲ್ಲ ಜೋಡಿಸಿದ್ದು ಬೇಡ. ಒಂದು ಕೆಟ್ಟ ದಿನ ಎಲ್ಲವೂ ಕೆಟ್ಟಂತೆ.

ಕರಾವಳಿಯಲ್ಲಿ ಕುಚ್ಚಲಕ್ಕಿ ಅರೆಯುವವರಿಗೆ, ಹತ್ತು ಜನರ ಕೂಡು ಕುಟುಂಬಕ್ಕೆ, ಮನೆಯಿಂದಲೇ ಹಿಟ್ಟು ಮಾರುವವರಿಗೆ ಟಿಲ್ಟಿಂಗ್. ದಿನಾ ಎರಡು ಗಂಟೆ ಓಡಬೇಕಾದ ಕಡೆ ಟೇಬಲ್ ಟಾಪ್ ಇಟ್ಟು ಒಂದೇ ವರ್ಷದಲ್ಲಿ ಮೋಟರ್ ಎರಡು ಸಲ ಸುತ್ತಿಸಿದವರನ್ನು ನೋಡಿದ್ದೇನೆ.

ಹೊರದೇಶಕ್ಕೆ ಹೊರಟವರದು ಬೇರೆಯೇ ಲೆಕ್ಕ. ಗಲ್ಫ್ ದೇಶಗಳ ಹೆಚ್ಚಿನ ಕಡೆ ಮತ್ತು ಇಂಗ್ಲೆಂಡಿನಲ್ಲಿ ಕರೆಂಟ್ ಹೆಚ್ಚುಕಡಿಮೆ ನಮ್ಮಂತೆಯೇ. ಪಿನ್ ಬದಲಾಯಿಸಿದರೆ ಆಯಿತು. ಅಮೆರಿಕದಲ್ಲಿ 120 ವೋಲ್ಟ್, 60 ಹರ್ಟ್ಸ್ (ಕರೆಂಟಿನ ಆವರ್ತನ, ನಮ್ಮಲ್ಲಿ 50). ಇಲ್ಲಿಂದ ಒಯ್ದು ಟ್ರಾನ್ಸ್‌ಫಾರ್ಮರ್ ಹಾಕಿದರೆ ವೋಲ್ಟೇಜ್ ಸರಿಹೋಗುತ್ತದೆ, ಹರ್ಟ್ಸ್ ಬದಲಾಗುವುದಿಲ್ಲ. ಮಿಕ್ಸಿಯ ಮೋಟರ್ ಅದಕ್ಕೆ ಸೊಪ್ಪು ಹಾಕುವುದಿಲ್ಲ. ಗ್ರೈಂಡರಿನ ಇಂಡಕ್ಷನ್ ಮೋಟರ್ ಮಾತ್ರ ಐದನೇ ಒಂದು ಪಾಲು ಜಾಸ್ತಿ ವೇಗದಲ್ಲಿ ತಿರುಗತೊಡಗುತ್ತದೆ. ಅದಕ್ಕೆ ಅಲ್ಲಿಗೆಂದೇ ಮಾಡಿದ್ದನ್ನೇ ಕೊಳ್ಳಿ. ಮಿಕ್ಸಿ ಒಯ್ಯುವುದಾದರೆ ಸೂಟ್‌ಕೇಸಿನಲ್ಲಿ ಎರಡು ಕಪ್ಲರ್, ಒಂದು ಜೋಡಿ ಕಾರ್ಬನ್, ಜಾರಿಗೆ ಒಂದು ಜೊತೆ ಬುಷ್ ಇರಲಿ. ಡಲ್ಲಾಸಿನಲ್ಲಿ ಇವನ್ನು ಹುಡುಕುತ್ತಾ ಅಲೆದ ನಮ್ಮ ಭಾವನನ್ನು ಕೇಳಿ.

ಕೊಳ್ಳುವ ದಿನ

ಅಂಗಡಿಗೆ ಹೋಗುವ ಮುಂಚೆ ನಿಮ್ಮ ಬೀದಿಯ ರಿಪೇರಿಯವರ ಹತ್ತಿರ ಹೋಗಿ. "ಯಾವುದು ಒಳ್ಳೇದು" ಎಂದು ಕೇಳಬೇಡಿ, ಎಲ್ಲರೂ ಒಂದೊಂದು ಹೆಸರು ಹೇಳುತ್ತಾರೆ. "ಯಾವುದು ಬಂದರೆ ನಿಮಗೆ ಬೇಜಾರು" ಎಂದು ಕೇಳಿ. ಆ ಉತ್ತರ ಥಟ್ಟನೆ ಬರುತ್ತದೆ, ಅದರಲ್ಲಿ ಸುಳ್ಳಿರುವುದಿಲ್ಲ. ಅವರ ಕಪಾಟಿನಲ್ಲಿ ಯಾವ ಮಾಡೆಲ್ಲಿನ ಜಾರು, ಕಪ್ಲರ್ ತೂಗುತ್ತಿವೆ ನೋಡಿ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ರಿಪೇರಿ ಹಕ್ಕಿನ ಪೋರ್ಟಲ್ ಒಂದನ್ನು ಶುರು ಮಾಡಿದೆ. ಅಲ್ಲಿ ಕಂಪನಿಗಳ ಸರ್ವಿಸ್ ವಿವರಗಳು ಸಿಗುತ್ತವೆ, ಅದನ್ನೂ ಒಮ್ಮೆ ನೋಡಬಹುದು. ನನ್ನ ಮಟ್ಟಿಗೆ ಆ ಕಪಾಟೇ ಹೆಚ್ಚು ನಂಬಿಕೆಯದು.

ಅಂಗಡಿಯಲ್ಲಿ ಯಂತ್ರವನ್ನು ಬೋರಲು ಹಾಕಿ. ಸೇಲ್ಸಿನ ಹುಡುಗ ವಿಚಿತ್ರವಾಗಿ ನೋಡುತ್ತಾನೆ, ನೋಡಲಿ. ಸ್ಕ್ರೂಗಳು ಕಾಣುತ್ತವೆಯಾ, ಯಾವ ತಲೆಯವು? ಕೆಂಪು ಗುಂಡಿ ಎಲ್ಲಿದೆ? ಗಾಳಿ ಹೋಗುವ ಕಂಡಿಗಳು ಅಡಿಯಲ್ಲೇ ಇದ್ದರೆ ಕಾಲುಗಳು ಸಾಕಷ್ಟು ಎತ್ತರ ಇವೆಯಾ, ಇಲ್ಲದಿದ್ದರೆ ಕಟ್ಟೆಯ ಮೇಲೆ ಚೆಲ್ಲಿದ ನೀರನ್ನೇ ಎಳೆದುಕೊಳ್ಳುತ್ತದೆ. ಜಾರಿನೊಳಗೆ ಬ್ಲೇಡಿನ ಮೇಲೆ ನಟ್ ಇದೆಯಾ? ಮುಚ್ಚಳದ ರಬ್ಬರ್ ಬಿಡಿಯಾಗಿ ಸಿಗುತ್ತದಾ? ಆಮೇಲೆ ಒಂದು ಕಪ್ಲರ್ ಅಲ್ಲೇ ಕೇಳಿ, ದುಡ್ಡು ಕೊಟ್ಟು. ತರಿಸಿಕೊಡುತ್ತೇವೆ ಎಂದರೆ ಆ ಮಾಡೆಲ್ ಬಿಟ್ಟು ಮುಂದಿನದು ನೋಡಿ.

ಮನೆಗೆ ತಂದ ದಿನವೇ ಗ್ರೈಂಡರಿನ ಬೆಲ್ಟ್ ನಂಬರನ್ನೂ ಮಿಕ್ಸಿಯ ಮಾಡೆಲ್ ನಂಬರನ್ನೂ ಅಡುಗೆ ಮನೆಯ ಕಪಾಟಿನ ಬಾಗಿಲ ಒಳಗಡೆ ಬರೆದು ಅಂಟಿಸಿ. ಎರಡು ವರ್ಷದ ಮೇಲೆ ಅಡಿಯ ಚೀಟಿ ಎಣ್ಣೆ ಹಿಡಿದು ಓದಲು ಬರುವುದಿಲ್ಲ. ಕಪ್ಲರ್ ತೆಗೆಯುವಾಗ ಪ್ಲಗ್ ಕಿತ್ತಿರಬೇಕು ಎಂದು ಬೇರೆ ಹೇಳಬೇಕಿಲ್ಲ. ಓಡುತ್ತಾ ಓಡುತ್ತಾ ಇನ್ನಷ್ಟು ಬಿಗಿಯಾಗುವಂತೆ ಅದರ ಮರೆ (ಸ್ಕ್ರೂವಿನ ಸುತ್ತುಗೆರೆ) ಇರುತ್ತದೆ. ಹಾಗಾಗಿ ಒಂದು ಕಡೆ ತಿರುಗದಿದ್ದರೆ ಬಲ ಹಾಕಬೇಡಿ, ಇನ್ನೊಂದು ಕಡೆ ತಿರುಗಿಸಿ ನೋಡಿ. ಗ್ರೈಂಡರಿನ ಕೆಪಾಸಿಟರನ್ನು ಮಾತ್ರ ನೀವು ಮುಟ್ಟಬೇಡಿ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಕರೆಂಟ್ ಉಳಿದಿರಬಹುದು. ಅದು ಮೆಕ್ಯಾನಿಕ್ಕಿನ ಕೆಲಸ.

ನಮ್ಮ ಬೆರಳಿನ ಮಿಕ್ಸಿ ಈಗ ಅಟ್ಟದ ಮೇಲಿದೆ. ಅತ್ತೆಯದು ಕಟ್ಟೆಯ ಮೇಲಿದೆ, ಪಕ್ಕದಲ್ಲಿ ಬೆಲ್ಟಿನ ಟೇಬಲ್ ಟಾಪ್. ಚಮಚದ ಡ್ರಾಯರಿನಲ್ಲಿ ಎರಡು ಕಪ್ಲರ್ ಇವೆ. ಒಂದು ತೆಗೆದವರು ಮರುದಿನವೇ ಇನ್ನೊಂದು ತಂದಿಡಬೇಕು ಎಂಬುದು ಅತ್ತೆಯ ಕಟ್ಟಪ್ಪಣೆ.